ಅದಿರಿನ ಹಿಂದೆ ಒಂದು ದಿನ: ಡ್ಯೂಸ್‌ಬುರ್ಗ್ ಬಂದರನ್ನು ನೋಡುವುದು ಹೇಗೆ

ಜರ್ಮನಿಯ ಡ್ಯೂಸೆಲ್‌ಡಾರ್ಫ್‌ನ ನೆಂಟರ ಮನೆಗೆ ಬರುವ ನಮ್ಮ ಜನ ಕಲೋನ್‌ನ ದೊಡ್ಡ ಚರ್ಚು ನೋಡುತ್ತಾರೆ, ರೈನ್ ದಂಡೆಯಲ್ಲಿ ಫೋಟೋ ತೆಗೆಸಿಕೊಳ್ಳುತ್ತಾರೆ, ಆಮೇಲೆ ಪ್ಯಾರಿಸ್‌ಗೆ ಹೊರಟುಬಿಡುತ್ತಾರೆ. ಡ್ಯೂಸ್‌ಬುರ್ಗ್ ಡ್ಯೂಸೆಲ್‌ಡಾರ್ಫ್‌ನಿಂದ ರೈಲಿನಲ್ಲಿ ಕಾಲು ಗಂಟೆಯ ದಾರಿ. "ಅಲ್ಲೇನಿದೆ, ಬರೀ ಫ್ಯಾಕ್ಟರಿ, ಹೊಗೆ" ಅನ್ನುತ್ತಾರೆ. ಈ ಮಾತು ಕೇಳಿದಾಗಲೆಲ್ಲ ನನಗೆ ಬೇಜಾರಾಗುತ್ತದೆ.

ನಾನು ಈ ಊರಿಗೆ ಬಂದು ಹನ್ನೊಂದು ವರ್ಷವಾಯಿತು. ಹುಟ್ಟಿ ಬೆಳೆದದ್ದು ಭದ್ರಾವತಿಯ ನ್ಯೂಟೌನ್‌ನಲ್ಲಿ. ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಫರ್ನೇಸ್ ಕೆಲಸ ಮಾಡಿದವರು. ನಮ್ಮ ಮನೆಯಲ್ಲಿ ಅಡುಗೆ, ಸ್ನಾನ, ಓದು ಎಲ್ಲಾ ನಡೆಯುತ್ತಿದ್ದದ್ದು ಕಾರ್ಖಾನೆಯ ಸೈರನ್ ಲೆಕ್ಕದಲ್ಲೇ. ಭದ್ರಾ ದಂಡೆಯಲ್ಲಿ 1923ರಲ್ಲಿ ಕುಲುಮೆ ಹೊತ್ತಿದ ಊರು ಅದು. ಅದಿರು ಕೆಮ್ಮಣ್ಣುಗುಂಡಿ ಬೆಟ್ಟದಿಂದ ಬರುತ್ತಿತ್ತು, ಮೊದಮೊದಲು ಉರಿಸುತ್ತಿದ್ದದ್ದು ಮಲೆನಾಡಿನ ಕಾಡಿನ ಇದ್ದಿಲು. ಹೊಳೆ, ಅದಿರು, ಬೆಂಕಿ ಮೂರೂ ಒಂದೇ ಕಡೆ ಇದ್ದರೆ ಎಂಥ ಊರು ಹುಟ್ಟುತ್ತದೆ ಅಂತ ನನಗೆ ಚಿಕ್ಕಂದಿನಿಂದ ಗೊತ್ತು. ಡ್ಯೂಸ್‌ಬುರ್ಗ್ ಅಂಥದ್ದೇ ಊರು, ಅಳತೆ ಮಾತ್ರ ಬೇರೆ.

ಎರಡು ವರ್ಷದ ಹಿಂದೆ ಅಪ್ಪ ಅಮ್ಮ ಬಂದಿದ್ದರು. ಆಗ ಅಪ್ಪನನ್ನು ಕರೆದುಕೊಂಡು ಸುತ್ತಿದ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಆಮೇಲೆ ಬಂದವರನ್ನೂ ಇದೇ ದಾರಿಯಲ್ಲಿ ಕರೆದುಕೊಂಡು ಹೋಗಿದ್ದೇನೆ. ಇದಕ್ಕೆ ಒಂದೇ ನಿಯಮ: ಅದಿರು ಹೋದ ಕಡೆ ನೀವೂ ಹೋಗಿ. ಮೊದಲು ನೀರು, ಆಮೇಲೆ ಆರಿದ ಕುಲುಮೆ, ಕೊನೆಗೆ ಉರಿಯುವ ಕುಲುಮೆ. ಈ ಕ್ರಮ ತಪ್ಪಿಸಬೇಡಿ. ನಾನು ಮೊದಲ ಸಲ ಉರಿಯುವ ಕುಲುಮೆಯ ಕಡೆಗೇ ನೇರವಾಗಿ ಹೋಗಿದ್ದೆ. ಹೊಗೆ, ಪೈಪು, ಗೋಡೆ ಕಂಡವು. ಏನೂ ಅರ್ಥವಾಗದೆ ಮಳೆಯಲ್ಲಿ ನೆನೆದು ಮನೆಗೆ ಬಂದೆ.

ಹೊರಡುವ ಮುಂಚೆ

ಏಪ್ರಿಲ್‌ನಿಂದ ಅಕ್ಟೋಬರ್ ಒಳಗೆ ಬನ್ನಿ. ಬಂದರು ಸುತ್ತಿಸುವ ದೋಣಿಗಳು ಚಳಿಗಾಲದಲ್ಲಿ ಸಾಮಾನ್ಯವಾಗಿ ಓಡುವುದಿಲ್ಲ. ಟ್ರಾಮ್‌ಗೆ 24 ಗಂಟೆಯ ಟಿಕೆಟ್ ತೆಗೆದುಕೊಳ್ಳಿ. ತಿಂಗಳ ಡಾಯ್ಚ್‌ಲ್ಯಾಂಡ್ ಟಿಕೆಟ್ ಇದ್ದರೆ ಅದೇ ಸಾಕು. ಇಲ್ಲಿ ಹಳಿ ರಿಪೇರಿ ಮುಗಿಯುವುದೇ ಇಲ್ಲ. ಅದಕ್ಕೆ ಆ ದಿನ ಬೆಳಿಗ್ಗೆ ಫೋನಿನಲ್ಲಿ ಟ್ರಾಮ್ ದಾರಿ ಒಮ್ಮೆ ನೋಡಿಕೊಳ್ಳಿ. ಬೇಸಿಗೆಯಲ್ಲೂ ಗಾಳಿ ತಡೆಯುವ ಜಾಕೆಟ್ ಬೇಕು. ಸೇತುವೆಯ ಮೇಲೆ, ಗುಡ್ಡದ ಮೇಲೆ ಗಾಳಿ ಬಿಡುವುದಿಲ್ಲ. ಚಪ್ಪಲಿ ಬೇಡ, ಬೂಟು ಹಾಕಿ. ಜಾಲರಿ ಮೆಟ್ಟಿಲು ಹತ್ತುವುದಿದೆ. ಬೈನಾಕ್ಯುಲರ್ ಇದ್ದರೆ ತನ್ನಿ. ಶೌಚಾಲಯಕ್ಕೆ ಚಿಲ್ಲರೆ ಕಾಸು ಜೇಬಿನಲ್ಲಿರಲಿ.

ಇನ್ನೊಂದು ಕೆಲಸ ಮಾಡಿ, ಯಾರೂ ಹೇಳಿಕೊಡದ್ದು. ಬಂದರು ಇರುವ ರೂರೋರ್ಟ್ ಬಡಾವಣೆಯಲ್ಲಿ ನದಿ ನೀರಿನ ಮಟ್ಟ ಇವತ್ತು ಎಷ್ಟಿದೆ ಅಂತ ನೋಡಿಕೊಳ್ಳಿ. ರೈನ್ ನೀರಿನ ಮಟ್ಟ ಇಲ್ಲಿ ಎಲ್ಲರಿಗೂ ಸುಲಭವಾಗಿ ಸಿಗುತ್ತದೆ. ನೀರು ಇಳಿದಿದ್ದರೆ ಹಡಗು ಪೂರ್ತಿ ತುಂಬಿಸುವ ಹಾಗಿಲ್ಲ, ತಳ ನೆಲಕ್ಕೆ ತಾಗುತ್ತದೆ. ಅಷ್ಟೇ ಸರಕಿಗೆ ಜಾಸ್ತಿ ಹಡಗು ಬೇಕು. 2018ರ ಬರಗಾಲದಲ್ಲಿ ರೈನ್ ಎಷ್ಟು ಒಣಗಿತ್ತೆಂದರೆ, ಹಡಗುಗಳು ಅರ್ಧಕ್ಕಿಂತ ಕಡಿಮೆ ತುಂಬಿಸಿಕೊಂಡು ಓಡಿದವು, ಕಾರ್ಖಾನೆಗಳಿಗೆ ಅದಿರು ಸಾಲದೆ ಬಂತು. ನೀರು ತೀರಾ ಏರಿದರೂ ತೊಂದರೆಯೇ, ಸಂಚಾರ ನಿಲ್ಲಿಸುತ್ತಾರೆ. ನಮ್ಮೂರಲ್ಲಿ ಭದ್ರಾ ಡ್ಯಾಂ ತುಂಬಿತಾ ಅಂತ ಎಲ್ಲರೂ ಕೇಳುವ ಹಾಗೆ ಇಲ್ಲಿನ ಹಳಬರು ಈ ಮಟ್ಟವನ್ನು ಕೇಳುತ್ತಾರೆ.

ಸೇತುವೆಯ ಮೇಲೆ ಒಂದು ಗಂಟೆ

ಮುಖ್ಯ ರೈಲು ನಿಲ್ದಾಣದಿಂದ 901 ನಂಬರಿನ ಟ್ರಾಮ್ ಹತ್ತಿ ರೂರೋರ್ಟ್‌ನಲ್ಲಿ ಇಳಿಯಿರಿ. ಟ್ರಾಮ್ ಬಂದರಿನ ಕಾಲುವೆಗಳ ಮೇಲೆಯೇ ಹಾದುಹೋಗುತ್ತದೆ, ಕಿಟಕಿ ಪಕ್ಕ ಕೂರಿ. ರೂರ್ ನದಿ ರೈನ್‌ಗೆ ಸೇರುವ ಜಾಗ ಇದು. ಇಲ್ಲಿ ಮೊದಲ ಬಂದರು ತೋಡಲು ಶುರುಮಾಡಿದ್ದು 1716ರಲ್ಲಿ. ಇವತ್ತು ಜಗತ್ತಿನ ಅತಿ ದೊಡ್ಡ ಒಳನಾಡು ಬಂದರು ಅಂತ ಕರೆಯುವುದು ಇದನ್ನೇ. ನದಿಯ ದಾರಿಯಲ್ಲಿ ಸಮುದ್ರ ಇಲ್ಲಿಂದ 200 ಕಿಲೋಮೀಟರ್‌ಗೂ ಜಾಸ್ತಿ ದೂರ.

ಇಳಿದು ನೇರ ಫ್ರೀಡ್ರಿಷ್ ಎಬರ್ಟ್ ಸೇತುವೆಗೆ ನಡೆಯಿರಿ. ರೂರೋರ್ಟ್‌ನಿಂದ ಆಚೆ ದಡದ ಹೋಂಬರ್ಗ್‌ಗೆ ಹೋಗುವ ಸೇತುವೆ ಅದು. ನಡುಮಧ್ಯೆ ನಿಂತು ದಕ್ಷಿಣಕ್ಕೆ, ಅಂದರೆ ನದಿ ಬರುವ ಕಡೆಗೆ ಮುಖ ಮಾಡಿ. ಎಡಕ್ಕೆ ಬಂದರಿನ ಬಾಯಿ. ಅದರಾಚೆ ಕಿತ್ತಳೆ ಬಣ್ಣದ ಒಂದು ಉಕ್ಕಿನ ಹಲಗೆ ನೆಟ್ಟಗೆ ನಿಂತಿರುತ್ತದೆ, 25 ಮೀಟರ್ ಎತ್ತರ. ಲುಟ್ಸ್ ಫ್ರಿಟ್ಶ್ ಎಂಬ ಶಿಲ್ಪಿ 1992ರಲ್ಲಿ ಮಾಡಿದ್ದು. ರೂರ್ ನದಿ ಮುಗಿಯುವುದು ಅಲ್ಲೇ, ರೈನ್‌ನ 780ನೇ ಕಿಲೋಮೀಟರ್ ಕಲ್ಲಿನ ಹತ್ತಿರ. ಒಲೆಯಿಂದ ಆಗತಾನೇ ತೆಗೆದ ಕಬ್ಬಿಣದ ಬಣ್ಣ ಆ ಹಲಗೆಗೆ.

ಈಗ ಹಡಗು ನೋಡಿ. ಸುಮ್ನೆ ನೋಡಬೇಡಿ, ಓದಿ. ಮೊದಲು ನೀರಿನ ಗೆರೆ. ಹಡಗಿನ ಅಂಚು ನೀರಿಗೆ ತಾಗುವಷ್ಟು ಕೆಳಗಿದ್ದರೆ ಹೊಟ್ಟೆ ತುಂಬಿದೆ, ಎತ್ತರದಲ್ಲಿ ತೇಲುತ್ತಿದ್ದರೆ ಖಾಲಿ. ಆಮೇಲೆ ನೀಲಿ ಕೋನು. ಕಂಬಕ್ಕೆ ತಲೆಕೆಳಗಾಗಿ ಕಟ್ಟಿದ ನೀಲಿ ಕೋನು ಒಂದಿದ್ದರೆ ಬೆಂಕಿ ಹತ್ತುವ ಸರಕು, ಎರಡಿದ್ದರೆ ವಿಷದ ಸರಕು, ಮೂರಿದ್ದರೆ ಸ್ಫೋಟಕ. ಇನ್ನೊಂದು ತಮಾಷೆಯ ನಿಯಮ ಇದೆ. ಎದುರುಬದುರು ಬರುವ ಹಡಗುಗಳು ಸಾಮಾನ್ಯವಾಗಿ ಒಂದಕ್ಕೊಂದು ತಮ್ಮ ಎಡಗಡೆಗೆ ಹಾಯುತ್ತವೆ. ಆದರೆ ಪ್ರವಾಹದ ವಿರುದ್ಧ ಬರುವವನಿಗೆ ಕಷ್ಟ ಜಾಸ್ತಿ ಅಲ್ವಾ, ಅದಕ್ಕೆ ದಾರಿ ಆರಿಸುವ ಹಕ್ಕು ಅವನದು. ಬಲಗಡೆ ಹಾಯೋಣ ಅನ್ನಿಸಿದರೆ ಅವನು ಒಂದು ನೀಲಿ ಹಲಗೆ ಎತ್ತುತ್ತಾನೆ, ಅದರ ಮಧ್ಯೆ ಬಿಳಿ ದೀಪ ಮಿನುಗುತ್ತದೆ. ಎದುರಿನವನೂ ನೀಲಿ ಹಲಗೆ ಎತ್ತಿ ಸರಿ ಅನ್ನುತ್ತಾನೆ. ಇದು ಗೊತ್ತಾದ ಮೇಲೆ ನನ್ನ ಮಗ ಅರ್ಧ ಗಂಟೆ ಸೇತುವೆಯಿಂದ ಅಲುಗಾಡಲಿಲ್ಲ.

ಹಡಗಿನ ಹಿಂಭಾಗದ ಮನೆಯನ್ನೂ ನೋಡಿ. ಕಿಟಕಿಗೆ ಲೇಸಿನ ಪರದೆ, ಮೇಲೆ ನಿಲ್ಲಿಸಿದ ಕಾರು, ಅದನ್ನು ದಡಕ್ಕೆ ಇಳಿಸಲು ಪುಟ್ಟ ಕ್ರೇನು. ಸಂಸಾರ ಸಮೇತ ಹಡಗಿನಲ್ಲೇ ಇರುವವರು ಇನ್ನೂ ಇದ್ದಾರೆ.

ನೀವು ಕಾಯಬೇಕಾದದ್ದು ಮಾತ್ರ ಬೇರೆಯದಕ್ಕೆ: ಅದಿರು ತಳ್ಳಿಕೊಂಡು ಬರುವ ತಳ್ಳುದೋಣಿಗೆ. ಹಿಂದೆ ಒಂದು ಮೊಂಡು ಮೂತಿಯ ದೋಣಿ, ಅದರ ಮುಂದೆ ಒಂದಕ್ಕೊಂದು ಬಿಗಿದ ನಾಲ್ಕೋ ಆರೋ ತೊಟ್ಟಿಗಳು. ಬ್ರೆಜಿಲ್‌ನಂಥ ದೂರದ ದೇಶಗಳ ಅದಿರು ರಾಟರ್‌ಡ್ಯಾಂ ಬಂದರಿಗೆ ಬಂದು, ಅಲ್ಲಿಂದ ಹೀಗೆ ನದಿಯ ಮೇಲೆ ಹತ್ತುತ್ತದೆ. ಆರು ತೊಟ್ಟಿ ತುಂಬಿದ್ದರೆ ಸುಮಾರು 16 ಸಾವಿರ ಟನ್. ಲಾರಿಗೆ 25 ಟನ್ ಹಿಡಿದರೆ 600ಕ್ಕೂ ಜಾಸ್ತಿ ಲಾರಿ. ಅಪ್ಪ ಕಂಬಿ ಹಿಡಿದು ಬಗ್ಗಿ ನೋಡಿದರು. ತೊಟ್ಟಿಯೊಳಗೆ ಕೆಂಪು ಕಂದು ಗುಡ್ಡೆಗಳು, ಮೇಲೆ ನೀರು ಚಿಮುಕಿಸಿದ ಗುರುತು. "ಪುಟ್ಟಿ, ಇದು ನಮ್ಮ ಕೆಮ್ಮಣ್ಣುಗುಂಡಿ ಮಣ್ಣಿನ ಬಣ್ಣನೇ ಕಣೇ" ಅಂದರು. ಆಮೇಲೆ ಮಾತಾಡದೆ ಆ ದೋಣಿ ತಿರುವಿನಲ್ಲಿ ಮರೆಯಾಗುವವರೆಗೂ ನಿಂತರು.

ಒಂದು ವಿಷಯ ನೆನಪಿಡಿ. ಈ ಊರಿನಲ್ಲಿ ಉಕ್ಕಿನ ದೊಡ್ಡ ಕಾರ್ಖಾನೆ ಎರಡು. ಉತ್ತರಕ್ಕೆ ಟಿಸ್ಸನ್‌ಕ್ರುಪ್, ದಕ್ಷಿಣಕ್ಕೆ ಹ್ಯೂಟನ್‌ವೆರ್ಕೆ ಕ್ರುಪ್ ಮನೆಸ್ಮನ್. ಉತ್ತರದ ಕಾರ್ಖಾನೆಯ ಅದಿರು ನದಿಯಲ್ಲಿ ಇದಕ್ಕಿಂತ ಕೆಳಗಿರುವ ಶ್ವೆಲ್ಗರ್ನ್ ಬಂದರಿನಲ್ಲೇ ಇಳಿದುಬಿಡುತ್ತದೆ, ಈ ಸೇತುವೆಯವರೆಗೆ ಬರುವುದಿಲ್ಲ. ಇಲ್ಲಿ ಕಾಣುವುದು ಇನ್ನೂ ಮೇಲಕ್ಕೆ ಹೋಗುವ ಸರಕು. ಅದಕ್ಕೇ ಒಂದು ಗಂಟೆ ಕಾಯಿರಿ ಅಂದದ್ದು.

ಸಮಯವಿದ್ದರೆ ರೂರೋರ್ಟ್‌ನ ಒಳನಾಡು ಹಡಗು ಮ್ಯೂಸಿಯಂಗೆ ಹೋಗಿ. ಹಳೆಯ ಈಜುಕೊಳದ ಕಟ್ಟಡ ಅದು. ಈಜುವ ಹಾಲ್‌ನೊಳಗೇ ಹಾಯಿ ಬಿಚ್ಚಿದ ಒಂದು ಸರಕು ದೋಣಿ ನಿಲ್ಲಿಸಿದ್ದಾರೆ. ಹೊರಗೆ ನೀರಿನಲ್ಲಿ 1922ರ ಆಸ್ಕರ್ ಹೂಬರ್ ಎಂಬ ಉಗಿ ಹಡಗು ನಿಂತಿದೆ, ಅದರ ಎರಡೂ ಪಕ್ಕದಲ್ಲಿ ಚಕ್ರಗಳಿವೆ. ದೋಣಿಗಳನ್ನು ತಳ್ಳುವ ಕಾಲಕ್ಕೆ ಮುಂಚೆ ಹಗ್ಗ ಕಟ್ಟಿ ಎಳೆಯುತ್ತಿದ್ದ ಕಾಲದ್ದು. ದೋಣಿ ಸವಾರಿ ಬೇಕಾದರೆ ಇಲ್ಲಿಂದಲೇ ಸಿಗುತ್ತದೆ. ಸುಮಾರು ಎರಡು ಗಂಟೆ ಹಿಡಿಯುತ್ತದೆ. ಮಕ್ಕಳಿದ್ದರೆ ಹೋಗಿ, ಇಲ್ಲದಿದ್ದರೆ ಸೇತುವೆಯೇ ಮೇಲು ಅಂತ ನನ್ನ ಅಭಿಪ್ರಾಯ.

ಬಂದರು ಅಂದರೆ ಬರೀ ಅದಿರಲ್ಲ. ಕಂಟೇನರುಗಳ ರಾಶಿ ಕಾಣುತ್ತದೆ. ಚೀನಾದ ಚೊಂಗ್‌ಚಿಂಗ್‌ನಿಂದ ಸುಮಾರು 11 ಸಾವಿರ ಕಿಲೋಮೀಟರ್ ದೂರ ಸರಕು ರೈಲು ಬರುವುದು ಇಲ್ಲಿಗೇ. 2014ರಲ್ಲಿ ಅಂಥ ಒಂದು ರೈಲನ್ನು ಸ್ವಾಗತಿಸಲು ಷಿ ಜಿನ್‌ಪಿಂಗ್ ಇಲ್ಲಿ ನಿಂತಿದ್ದರು. ಆಚೆ ದಡದ ರೈನ್‌ಹೌಸನ್‌ನಲ್ಲಿ ಈಗ ಗೋದಾಮುಗಳಿರುವ ಜಾಗದಲ್ಲಿ ಒಂದು ಕಾಲಕ್ಕೆ ಕ್ರುಪ್ ಉಕ್ಕಿನ ಕಾರ್ಖಾನೆ ಇತ್ತು. 1987ರಲ್ಲಿ ಅದನ್ನು ಮುಚ್ಚುವ ಸುದ್ದಿ ಬಂದಾಗ ಕಾರ್ಮಿಕರು ರೈನ್ ಸೇತುವೆಯನ್ನೇ ಅಡ್ಡಗಟ್ಟಿ ಕೂತರು. ತಿಂಗಳುಗಟ್ಟಲೆ ಹೋರಾಡಿದರು. ಆದರೂ 1993ರಲ್ಲಿ ಬಾಗಿಲು ಹಾಕಿತು. ಆ ಸೇತುವೆಗೆ ಇವತ್ತಿಗೂ ಒಗ್ಗಟ್ಟಿನ ಸೇತುವೆ ಅಂತಲೇ ಹೆಸರು. ನೂರು ವರ್ಷ ತುಂಬಿದ ವರ್ಷವೇ ಭದ್ರಾವತಿ ಕಾರ್ಖಾನೆ ಮುಚ್ಚುವ ಮಾತು ಬಂದದ್ದು, ಗೇಟಿನ ಮುಂದೆ ಜನ ಕೂತದ್ದು ಅಪ್ಪನಿಗೆ ನೆನಪಾಯಿತು. ಸೇತುವೆ ಎಲ್ಲಿದೆ ಅಂತ ಕೇಳಿದರು. ಇಲ್ಲಿಂದ ಕಾಣುವುದಿಲ್ಲ ಅಂದೆ. ಮಾರನೇ ದಿನ ಅದನ್ನೂ ನೋಡಿ ಬಂದೆವು.

ಊಟಕ್ಕೆ ಮಾರ್ಕ್ಸ್‌ಲೋ

ಮತ್ತೆ 901 ಹತ್ತಿ ಉತ್ತರಕ್ಕೆ ಹೋಗಿ. ಬ್ರೂಕ್‌ಹೌಸನ್ ಹತ್ತಿರ ಟ್ರಾಮ್ ಕಾರ್ಖಾನೆಗೆ ಒತ್ತಿಕೊಂಡೇ ಹೋಗುತ್ತದೆ. ರಸ್ತೆ ಮೇಲೆ ಹಾದುಹೋಗುವ ದಪ್ಪ ಪೈಪುಗಳನ್ನು ನೋಡಿ, ಆಳು ನಿಂತು ನಡೆಯುವಷ್ಟು ದಪ್ಪ. ಅದರಲ್ಲಿ ಹೋಗುವುದು ಕುಲುಮೆಯಿಂದ ಬಂದ ಅನಿಲ. ಅದನ್ನೇ ಉರಿಸಿ ಕರೆಂಟು ಮಾಡುತ್ತಾರೆ. ಹುಲ್ಲು ಹಾಸಿದ ಒಂದು ಉದ್ದನೆಯ ಪಟ್ಟಿಯೂ ಕಾಣುತ್ತದೆ. ಅಲ್ಲಿ ಮೊದಲು ಮನೆಗಳಿದ್ದವು. ಕಾರ್ಖಾನೆಗೂ ಮನೆಗಳಿಗೂ ಮಧ್ಯೆ ಜಾಗ ಬಿಡಲು ಅವನ್ನು ಕೆಡವಿದರು. ನೂರು ವರ್ಷ ಆ ಮನೆಗಳಲ್ಲಿ ಬಟ್ಟೆ ಒಣಗಿಸಿದವರು ಯಾರೋ ಅಂತ ಪ್ರತಿ ಸಲ ಯೋಚಿಸುತ್ತೇನೆ.

ಮಾರ್ಕ್ಸ್‌ಲೋದಲ್ಲಿ ಇಳಿದು ಊಟ ಮಾಡಿ. 1961ರ ಒಪ್ಪಂದದ ನಂತರ ಈ ಕುಲುಮೆಗಳಿಗೆ, ಗಣಿಗಳಿಗೆ ದುಡಿಯಲು ಬಂದ ಟರ್ಕಿಯವರ ಮಕ್ಕಳು ಮೊಮ್ಮಕ್ಕಳು ಇಲ್ಲಿದ್ದಾರೆ. ಬೀದಿ ತುಂಬ ಮದುವೆ ಬಟ್ಟೆಯ ಅಂಗಡಿ. ಸಸ್ಯಾಹಾರಿಗಳಿಗೆ ಊರಿನಲ್ಲಿ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಮರ್ಜಿಮೆಕ್ ಕೇಳಿ. ಕೆಂಪು ಬೇಳೆಯ ಸಾರು, ಮೇಲೆ ನಿಂಬೆ ಹಿಂಡಿಕೊಳ್ಳಬೇಕು. ಮಾಂಸದ ಸಾರಿನಲ್ಲಿ ಬೇಯಿಸಿದ್ದಾ ಅಂತ ಮೊದಲೇ ಕೇಳಿಬಿಡಿ. ಅಮ್ಮ ಒಂದು ಬಟ್ಟಲು ಮುಗಿಸಿ, "ಒಗ್ಗರಣೆ ಹಾಕಿದ್ರೆ ನಮ್ಮ ತೊವ್ವೆನೇ" ಅಂದು ಇನ್ನೊಂದು ತರಿಸಿದರು.

ಆರಿದ ಕುಲುಮೆಯ ಒಳಗೆ

ಮಾರ್ಕ್ಸ್‌ಲೋದಿಂದ 903 ಟ್ರಾಮ್ ಹಿಡಿದು ಲ್ಯಾಂಡ್‌ಶಾಫ್ಟ್ಸ್‌ಪಾರ್ಕ್ ನೋರ್ಡ್‌ನಲ್ಲಿ ಇಳಿಯಿರಿ. ಮೈಡರಿಷ್ ಎಂಬ ಬಡಾವಣೆಯ ಹಳೇ ಕಬ್ಬಿಣದ ಕಾರ್ಖಾನೆ ಇದು. ಟಿಸ್ಸನ್ ಕಂಪನಿ 1900ರ ಆಸುಪಾಸಿನಲ್ಲಿ ಕಟ್ಟಿದ್ದು, 1985ರಲ್ಲಿ ಮುಚ್ಚಿದ್ದು. ಕೆಡವುವ ಬದಲು ಹಾಗೇ ಉಳಿಸಿ ಪೀಟರ್ ಲಾಟ್ಸ್ ಎಂಬ ವಿನ್ಯಾಸಕಾರರ ಕೈಲಿ ಪಾರ್ಕ್ ಮಾಡಿಸಿದರು. 1994ರಿಂದ ಜನರಿಗೆ ತೆರೆದಿದೆ. ಟಿಕೆಟ್ ಇಲ್ಲ. ಅದಿರು ತುಂಬುತ್ತಿದ್ದ ಕಾಂಕ್ರೀಟ್ ಗೋಡೆಗಳ ಮೇಲೆ ಈಗ ಪರ್ವತಾರೋಹಿಗಳು ಹತ್ತುತ್ತಾರೆ, ಅನಿಲದ ಟ್ಯಾಂಕಿನಲ್ಲಿ ನೀರು ತುಂಬಿಸಿ ಡೈವಿಂಗ್ ಕಲಿಸುತ್ತಾರೆ. ಅವನ್ನೆಲ್ಲ ಆಮೇಲೆ ನೋಡಿ. ಮೊದಲು 5ನೇ ನಂಬರ್ ಕುಲುಮೆಗೆ ಹೋಗಿ.

ಎಲ್ಲರೂ ಮಾಡುವ ತಪ್ಪು ಅಂದರೆ ಬಂದವರೇ ತುದಿಗೆ ಹತ್ತುವುದು. ಸುಮಾರು 70 ಮೀಟರ್ ಎತ್ತರ. ಮೇಲೆ ನೋಟ ಚೆನ್ನಾಗಿದೆ, ಸುಳ್ಳಲ್ಲ. ಆದರೆ ವಿಷಯ ಇರುವುದು ಕೆಳಗೆ, ಕಬ್ಬಿಣ ಹೊರಬರುತ್ತಿದ್ದ ಹಾಲ್‌ನಲ್ಲಿ. ಅಲ್ಲಿ ಕಾಲು ಗಂಟೆ ಕೂತುಕೊಳ್ಳಿ.

ಅಪ್ಪನಿಗೆ ಮಂಡಿ ನೋವು. ಮೇಲೆ ಹತ್ತುವುದಿಲ್ಲ ಅಂದರು. ಹಾಲ್‌ನೊಳಗೆ ಬಂದವರೇ ನೇರ ಕುಲುಮೆಯ ಬುಡಕ್ಕೆ ಹೋಗಿ ಕಬ್ಬಿಣ ಹೊರಬರುವ ತೂತು ಎಲ್ಲಿದೆ ಅಂತ ಹುಡುಕಿದರು. ಸಿಕ್ಕಿತು. ಅದರ ಮುಂದೆ ಅಲ್ಲ, ಪಕ್ಕಕ್ಕೆ ನಿಂತರು. ನಲವತ್ತು ವರ್ಷದ ಹಿಂದೆ ಆರಿದ ಕುಲುಮೆ. ಆದರೂ ಎದುರಿಗೆ ನಿಲ್ಲಲಿಲ್ಲ. ಆಮೇಲೆ ಬಗ್ಗಿ ನೆಲದ ಕಾಲುವೆಯ ಅಂಚಿನ ಮೇಲೆ ಬೆರಳಿಟ್ಟುಕೊಂಡು ನಡೆದರು. ಒಂದು ಕಡೆ ಕಾಲುವೆ ಕವಲಾಗುತ್ತದೆ. ಅಲ್ಲಿ ಕೂತರು. "ಇಲ್ಲಿ ನೋಡು. ಹಾಲಿನ ಮೇಲೆ ಕೆನೆ ಬಂದ ಹಾಗೆ ಕಿಟ್ಟ ಮೇಲೆ ತೇಲತ್ತೆ, ಕಬ್ಬಿಣ ಕೆಳಗೆ ಹೋಗತ್ತೆ. ಇಲ್ಲಿ ಒಂದು ಅಡ್ಡ ತಡೆ ಇರತ್ತೆ. ಕಬ್ಬಿಣ ಅದರ ಅಡಿಯಿಂದ ನುಸುಳಿ ಈ ಕಡೆ, ಕಿಟ್ಟ ಆ ಕಡೆ" ಅಂದರು. ಕಿಡಿ ಜಾಸ್ತಿ ಹಾರಿದರೆ ಏನರ್ಥ ಅಂತ ನನ್ನ ಮಗ ಕೇಳಿದ. ಬೆಂಕಿ ಜೋರಾಗಿದೆ ಅಂತ ಅಂದುಕೊಂಡಿದ್ದ. ಅಪ್ಪ ತಲೆ ಅಲ್ಲಾಡಿಸಿದರು. "ಉಲ್ಟಾ. ಕಿಡಿ ಜಾಸ್ತಿ ಹಾರಿದ್ರೆ ಒಳಗೆ ತಣ್ಣಗಾಗ್ತಿದೆ ಅಂತ. ಚೆನ್ನಾಗಿ ಕಾದಿರೋ ಕಬ್ಬಿಣ ಸದ್ದಿಲ್ಲದೆ ಬರತ್ತೆ." ಹತ್ತಿರದಲ್ಲಿ ಫೋಟೋ ತೆಗೆಯುತ್ತಿದ್ದ ಇಬ್ಬರು ಹುಡುಗರು ಭಾಷೆ ಗೊತ್ತಿಲ್ಲದಿದ್ದರೂ ನಿಂತು ಕೇಳಿಸಿಕೊಂಡರು.

ನಿಮ್ಮ ಜೊತೆ ಅಂಥವರು ಇಲ್ಲದಿದ್ದರೆ ಈ ಲೆಕ್ಕ ಇಟ್ಟುಕೊಳ್ಳಿ. ಒಂದು ಟನ್ ಕಬ್ಬಿಣಕ್ಕೆ ಸುಮಾರು ಒಂದೂವರೆ ಟನ್‌ಗಿಂತ ಸ್ವಲ್ಪ ಜಾಸ್ತಿ ಅದಿರು, ಅರ್ಧ ಟನ್ನಿನಷ್ಟು ಕೋಕ್ (ಗಾಳಿಯಿಲ್ಲದೆ ಬೇಯಿಸಿದ ಕಲ್ಲಿದ್ದಲು) ಮತ್ತು ಕಲ್ಲಿದ್ದಲು, ಜೊತೆಗೆ ಸುಣ್ಣದಕಲ್ಲು. ಮೇಲಿನಿಂದ ಪದರ ಪದರವಾಗಿ ಸುರಿಯುತ್ತಾರೆ, ಕೆಳಗಿನಿಂದ ಬಿಸಿ ಗಾಳಿ ಊದುತ್ತಾರೆ. ಅದಕ್ಕೇ ಊದುಕುಲುಮೆ. ಕುಲುಮೆಯ ಪಕ್ಕದಲ್ಲಿ ಸಾಲಾಗಿ ನಿಂತ ಗುಮ್ಮಟದ ಸಿಲಿಂಡರುಗಳು ಆ ಗಾಳಿ ಕಾಯಿಸುವ ಒಲೆಗಳು. ಸುತ್ತ ಉಂಗುರದಂತೆ ಬಳಸಿದ ಪೈಪಿನಿಂದ ಗಾಳಿ ಒಳಗೆ ಹೋಗುತ್ತದೆ. ಕರಗಿದ ಕಬ್ಬಿಣ ಹೊರಬರುವಾಗ ಸುಮಾರು 1,500 ಡಿಗ್ರಿ. ಇದಿಷ್ಟೂ ಇಲ್ಲಿ ಕೈಗೆಟಕುವ ದೂರದಲ್ಲಿದೆ. ಒಲೆ, ಉಂಗುರ, ತೂತು, ಕಾಲುವೆ ನಾಲ್ಕನ್ನೂ ಗುರುತಿಸಿದ ಮೇಲೆಯೇ ಮೇಲೆ ಹತ್ತಿ. ತಲೆ ಸುತ್ತುವವರು ಕಾಲಡಿಯ ಜಾಲರಿ ನೋಡದೆ ಕಂಬಿಯನ್ನು ನೋಡಿಕೊಂಡು ಹತ್ತಬೇಕು.

ತುದಿಯಿಂದ ವಾಯವ್ಯಕ್ಕೆ ನೋಡಿ. ಅಲ್ಲಿ ಬಿಳಿ ಮೋಡಗಳು ಏಳುತ್ತಿರುತ್ತವೆ. ಮುಂದೆ ಹೋಗುವುದು ಅಲ್ಲಿಗೇ.

ಉರಿಯುವ ಕುಲುಮೆಯ ಎದುರು

ಶ್ವೆಲ್ಗರ್ನ್ ಪಕ್ಕದಲ್ಲಿ ರೈನ್ ದಂಡೆಗೆ ಆಲ್ಸುಮರ್ ಬೆರ್ಗ್ ಎಂಬ ಗುಡ್ಡ ಇದೆ. ಸೈಕಲ್ ಇದ್ದರೆ ಸುಲಭ. ನಾವು ಪಾರ್ಕಿನಿಂದ ಟ್ಯಾಕ್ಸಿ ಹಿಡಿದೆವು. ಅಪ್ಪನನ್ನು ನಡೆಸುವ ಹಾಗಿರಲಿಲ್ಲ. ಸೂರ್ಯ ಮುಳುಗಲು ಒಂದು ಗಂಟೆ ಇರುವಾಗ ತಲುಪಿ. ಆಲ್ಸುಮ್ ಎಂಬ ಹಳ್ಳಿ ಇಲ್ಲಿತ್ತು. ಯುದ್ಧದ ಬಾಂಬಿಗೆ ಹಾಳಾಗಿ, ಗಣಿಯಿಂದ ನೆಲ ಕುಸಿದು, ಜನ ಬಿಟ್ಟುಹೋದರು. ಅದರ ಮೇಲೆ ಸುರಿದ ಮಣ್ಣು ಕಲ್ಲಿನ ರಾಶಿಯೇ ಈ ಗುಡ್ಡ. ಹತ್ತುವ ದಾರಿ ಸಲೀಸು, ಅಪ್ಪನೂ ನಿಧಾನವಾಗಿ ಹತ್ತಿದರು.

ಮೇಲೆ ಹೋದರೆ ಒಂದು ಕಡೆ ನದಿ, ಇನ್ನೊಂದು ಕಡೆ ಕಾರ್ಖಾನೆ ಪೂರ್ತಿ. ಮುಂದೆಯೇ ಕೋಕ್ ಮಾಡುವ ಜಾಗ, 140 ಒಲೆಗಳ ಸಾಲು. ಕಲ್ಲಿದ್ದಲನ್ನು ಗಾಳಿಯಿಲ್ಲದೆ ಬೇಯಿಸಿ ಕೋಕ್ ಮಾಡುತ್ತಾರೆ. ಒಂದು ಒಲೆಯ ಬಾಗಿಲು ತೆಗೆದಾಗ ಕೆಂಪಗೆ ಹೊಳೆಯುವ ಗೋಡೆಯೊಂದು ಜಾರಿ ಬೋಗಿಗೆ ಬೀಳುತ್ತದೆ. ಆ ಬೋಗಿ ಗೋಪುರದ ಕೆಳಗೆ ಹೋಗುತ್ತದೆ, ಮೇಲಿಂದ ನೀರು ಸುರಿಯುತ್ತದೆ, ಆಕಾಶದುದ್ದ ಬಿಳಿ ಮೋಡ ಏಳುತ್ತದೆ. ಮಧ್ಯಾಹ್ನ ಕುಲುಮೆಯ ತುದಿಯಿಂದ ಕಂಡ ಮೋಡ ಇದೇ. ಇದು ಹೊಗೆಯಲ್ಲ, ಹೆಚ್ಚಿನ ಪಾಲು ಹಬೆ. ಬೇಗ ಕರಗಿಹೋದರೆ ಹಬೆ, ಕಂದು ಬಣ್ಣದ್ದಾಗಿ ಉಳಿದರೆ ಧೂಳು. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಂಧಕ. ಗಾಳಿ ನಿಮ್ಮ ಕಡೆ ಬೀಸುತ್ತಿದ್ದರೆ ಉಬ್ಬಸ ಇರುವವರು ಇಲ್ಲಿ ಜಾಸ್ತಿ ಹೊತ್ತು ನಿಲ್ಲಬೇಡಿ. ಕೊಳವೆಯ ತುದಿಯಲ್ಲಿ ಜ್ವಾಲೆ ಕಂಡರೆ ಹೆದರಬೇಕಿಲ್ಲ, ಮಿಕ್ಕ ಅನಿಲ ಉರಿಸುತ್ತಿದ್ದಾರೆ.

ಈಗ ಕುಲುಮೆ ಹುಡುಕಿ. ಮೈಡರಿಷ್‌ನಲ್ಲಿ ನೋಡಿದ ಗುಮ್ಮಟದ ಒಲೆಗಳು ಇಲ್ಲೂ ಇವೆ, ಅದೇ ಸಾಲು, ಎತ್ತರ ಮಾತ್ರ ಬೇರೆ. ಶ್ವೆಲ್ಗರ್ನ್‌ನ ಎರಡು ದೊಡ್ಡ ಕುಲುಮೆಗಳಲ್ಲಿ ಒಂದು 1973ರದ್ದು, ಇನ್ನೊಂದು 1993ರದ್ದು. ದೊಡ್ಡದು ದಿನಕ್ಕೆ 10 ಸಾವಿರ ಟನ್‌ಗೂ ಜಾಸ್ತಿ ಕಬ್ಬಿಣ ಕೊಡಬಲ್ಲದು. ಅಂದರೆ ಬೆಳಿಗ್ಗೆ ನೋಡಿದಂಥ ಆರು ತೊಟ್ಟಿಯ ಒಂದು ತಳ್ಳುದೋಣಿ ತರುವ ಅದಿರು ಇದಕ್ಕೆ ಒಂದು ದಿನಕ್ಕೆ ಸಾಕೋ ಸಾಲದೋ ಅನ್ನುವಷ್ಟು. ನದಿಯ ಮಟ್ಟವನ್ನು ಇಲ್ಲಿನವರು ಯಾಕೆ ಅಷ್ಟು ಕೇಳುತ್ತಾರೆ ಅಂತ ಈಗ ಗೊತ್ತಾಗುತ್ತದೆ. ಕರಗಿದ ಕಬ್ಬಿಣವನ್ನು ತಣಿಸುವುದಿಲ್ಲ. ಉದ್ದನೆಯ ಟಾರ್ಪಿಡೋ ಬೋಗಿಗಳಲ್ಲಿ ತುಂಬಿ ಹಾಗೇ ಉಕ್ಕು ಮಾಡುವ ವಿಭಾಗಕ್ಕೆ ಎಳೆದುಕೊಂಡು ಹೋಗುತ್ತಾರೆ.

ನನ್ನದೊಂದು ಕಿವಿಮಾತು: ಇನ್ನೂ ಉರಿಯುತ್ತಿರುವಾಗಲೇ ಬನ್ನಿ. ಕೋಕ್ ಬದಲು ಹೈಡ್ರೋಜನ್ ಬಳಸುವ ಹೊಸ ಘಟಕಕ್ಕೆ ಸರ್ಕಾರದಿಂದ ಸುಮಾರು 200 ಕೋಟಿ ಯೂರೋ ನೆರವು ಕೊಡಲು 2023ರಲ್ಲಿ ಒಪ್ಪಿಗೆ ಸಿಕ್ಕಿದೆ. ಕೆಲಸ ಕಡಿಮೆ ಮಾಡುವ ಸುದ್ದಿಯೂ ಬಂದಿದೆ. ಗಾಳಿ ಸ್ವಚ್ಛವಾಗಲಿ ಅಂತ ನನಗೂ ಆಸೆ, ನನ್ನ ಮಗ ಉಸಿರಾಡುವುದು ಇದೇ ಗಾಳಿಯನ್ನು. ಇಲ್ಲಿ ದುಡಿಯುವವರ ಮನೆ ಒಲೆಯೂ ಉರಿಯುತ್ತಿರಲಿ ಅಂತಲೂ ಅಷ್ಟೇ ಆಸೆ.

ಎರಡನೇ ದಿನ ಸಿಕ್ಕಿದರೆ ಅದೇ 903ರಲ್ಲಿ ದಕ್ಷಿಣದ ಕೊನೆಯವರೆಗೆ ಹೋಗಿ. ಟ್ರಾಮ್ ನಿಲ್ಲುವುದು ದಕ್ಷಿಣದ ಕಾರ್ಖಾನೆಯ ಗೇಟಿನಲ್ಲಿ. ದಾರಿಯಲ್ಲಿ ವಾನ್‌ಹೈಮ್ ಹತ್ತಿರ ಕಿಟ್ಟದ ಗುಡ್ಡದ ಮೇಲೆ ಹತ್ತಿ ನಡೆಯುವಂಥ ಒಂದು ರೋಲರ್ ಕೋಸ್ಟರ್ ಶಿಲ್ಪ ಇದೆ, 2011ರದ್ದು. ಮಕ್ಕಳಿಗೆ ಇಷ್ಟವಾಗುತ್ತದೆ. ನಮ್ಮ ದೇಶದ ಒಂದು ನಂಟೂ ಈ ಊರಿಗಿದೆ. 1950ರ ದಶಕದಲ್ಲಿ ರೂರ್ಕೆಲಾ ಉಕ್ಕಿನ ಕಾರ್ಖಾನೆ ಕಟ್ಟಲು ಕ್ರುಪ್ ಜೊತೆ ಕೈಜೋಡಿಸಿದ ಡೆಮಾಗ್ ಕಂಪನಿ ಡ್ಯೂಸ್‌ಬುರ್ಗ್‌ನದೇ.

ಗುಡ್ಡದ ಮೇಲೆ ಕತ್ತಲಾಗುವವರೆಗೆ ಕಾಯಿರಿ. ದೀಪಗಳು ಒಂದೊಂದಾಗಿ ಹತ್ತಿಕೊಳ್ಳುತ್ತವೆ. ಕುಲುಮೆಯ ಹಾಲ್‌ನ ಸಂದಿಗಳಲ್ಲಿ ಕಿತ್ತಳೆ ಬೆಳಕು ಒಮ್ಮೆಲೇ ಜೋರಾದರೆ ತೂತು ತೆರೆದಿದ್ದಾರೆ, ಕಬ್ಬಿಣ ಹೊರಬರುತ್ತಿದೆ ಅಂತ ಲೆಕ್ಕ. ನಮಗೆ ಅದು ಕಾಣಿಸಿತು. ಅಪ್ಪ ಗಡಿಯಾರ ನೋಡಿಕೊಂಡರು. ಬೆಳಕು ಮತ್ತೆ ಮಂಕಾಗುವವರೆಗೆ ಕೂತೇ ಇದ್ದರು. ಅಮ್ಮ ಚಳಿ ಅಂತ ಎರಡು ಸಲ ಕರೆದರೂ ಏಳಲಿಲ್ಲ. ಇಳಿಯುವ ದಾರಿಯಲ್ಲಿ ದೀಪವಿಲ್ಲ, ಟಾರ್ಚ್ ತನ್ನಿ. ಟ್ಯಾಕ್ಸಿಯನ್ನು ಮೇಲಿದ್ದಾಗಲೇ ಕರೆಸಿಕೊಳ್ಳಿ. ಆ ಹೊತ್ತಿನಲ್ಲಿ ಗುಡ್ಡದ ಬುಡಕ್ಕೆ ಬರಲು ಅವರು ಸ್ವಲ್ಪ ತಡ ಮಾಡುತ್ತಾರೆ.